ಹೆಂಡತಿಯ ಮುಖಕ್ಕೆ ನಾನು ತಂದ ಕ್ರೀಮು

“ಈ ಕ್ರೀಮ್ ನಿನಗ ಯಾರ್ ಕೊಟ್ಟಾರವಾ?” ಎಂದು ಚಿಕ್ಕೋಡಿಯ ಲೇಡಿ ಡಾಕ್ಟರು ನನ್ನ ಹೆಂಡತಿ ಪದ್ಮಾಳನ್ನು ಕೇಳಿದರು. ಅವರ ಕೈಯಲ್ಲಿದ್ದ ಡಬ್ಬಿಯ ಮೇಲೆ ಹೆಸರೇ ಇರಲಿಲ್ಲ. ಆರು ತಿಂಗಳ ಬಸುರಿಯ ಕೆನ್ನೆಗಳು ಸುಟ್ಟಂತೆ ಕೆಂಪಾಗಿ ಸಿಪ್ಪೆ ಏಳುತ್ತಿದ್ದವು.

ತೊಂಬತ್ತರ ದಶಕದ ಆರಂಭವದು. ಬಸಿರಿನಲ್ಲಿ ಅವಳ ಮುಖಕ್ಕೆ ಬಂಗು ಬಂದು ಕೆನ್ನೆಗಳ ಮೇಲೆ ಕಪ್ಪು ಕಲೆಗಳಾಗಿದ್ದವು. ನನ್ನ ತಂಗಿಯ ಮದುವೆ ಫೋಟೋದಲ್ಲಿ ಅವಳು ಕಪ್ಪಾಗಿ ಕಾಣಬಾರದೆಂದು ನಿಪ್ಪಾಣಿ ಪೇಟೆಯಿಂದ ಆ ಡಬ್ಬಿ ತಂದವನು ನಾನು. ಉರಿಯುತ್ತದೆ ಎಂದು ಅವಳು ಅಂದಾಗಲೂ ಹಚ್ಚಿಕೊಳ್ಳಲು ಒತ್ತಾಯಿಸಿದ್ದೆ.

ಡಾಕ್ಟರು ಮತ್ತೊಮ್ಮೆ ಕೇಳಿದರು. ನಾನು ಗೋಡೆ ನೋಡುತ್ತ ನಿಂತೆ. ಪದ್ಮಾ ನನ್ನತ್ತ ಒಮ್ಮೆ ನೋಡಿ, “ನಾನ ತರಿಸ್ಕೊಂಡೀನ್ರಿ” ಎಂದಳು.

“ಇಂಥಾದ್ರಾಗ ಪಾದರಸ ಹಾಕಿರ್ತಾರ, ಹೊಟ್ಟ್ಯಾಗಿನ ಕೂಸಿಗೂ ಮುಟ್ಟತೈತಿ. ಹಡದ ಮ್ಯಾಲ ಬಂಗು ತಾನ ತಿಳಿ ಆಗತಿತ್ತು. ನಿನಗ ಬಿಳೇ ಮುಖಾನ ಹೆಚ್ಚಾತೇನು?” ಎಂದು ಅವರು ಅವಳನ್ನೇ ಗದರಿದರು. ನಾನು ಔಷಧದ ಚೀಟಿ ಇಸಿದುಕೊಂಡು ಹೊರಗೆ ನಡೆದೆ.

ಮೂರು ತಿಂಗಳು ಹೆದರಿಕೆಯಲ್ಲೇ ಕಳೆದೆ. ಮಗಳು ಆರೋಗ್ಯವಾಗಿ ಹುಟ್ಟಿದಳು. ಅವಳನ್ನು ಎತ್ತಿಕೊಂಡ ದಿನ, ಅಂದು ನನ್ನ ಹೆಸರೇಕೆ ಹೇಳಲಿಲ್ಲ ಎಂದು ಪದ್ಮಾಳನ್ನು ಕೇಳಿದೆ. “ನೀವ ಹೇಳ್ತೀರಿ ಅಂತ ಕಾದಿದ್ನಿರಿ” ಎಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ.