ಬಾಯಿಪಾಠದ ದಾರಿ

ಓದಿದ್ದನ್ನು ನಾನು ಮರೆಯುವುದಿಲ್ಲ. ಇದನ್ನು ಜಂಬ ಎಂದುಕೊಳ್ಳಬೇಡಿ. ಕೆಲವರಿಗೆ ಸಕ್ಕರೆ ಕಾಯಿಲೆ ಇರುವ ಹಾಗೆ ನನಗೆ ಇದು. ಹೈಸ್ಕೂಲಿನ ಭೂಗೋಳ ಇವತ್ತಿಗೂ ಚಿತ್ರಗಳ ಸಮೇತ ನೆನಪಿದೆ. ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಮೊದಲ ರ‍್ಯಾಂಕ್ ಬಂದಾಗ ನಮ್ಮ ಬೀದಿಯವರೆಲ್ಲ ನನ್ನ ತಲೆಯನ್ನು ಹೊಗಳಿದ್ದೇ ಹೊಗಳಿದ್ದು. ಆ ತಲೆ ಎಷ್ಟು ಟೊಳ್ಳು ಎಂಬುದು ಬಯಲಾಗಲು ನ್ಯೂಜೆರ್ಸಿಗೆ ಬಂದು ಸ್ಟೀರಿಂಗ್ ಹಿಡಿಯಬೇಕಾಯಿತು.

ಪೆಟ್ರೋಲಿಗೆ ಜನ ಉದ್ದುದ್ದ ಕ್ಯೂ ನಿಂತಿದ್ದ ಚಳಿಗಾಲ ಅದೇ ತಾನೇ ಮುಗಿದಿತ್ತು. ಮದುವೆಯಾಗಿ ಬಂದಾಗಿನಿಂದ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಪಾರ್ಕಿಂಗ್ ಲಾಟ್ ನೋಡಿಕೊಂಡು ಕೂತಿದ್ದ ನನಗೆ ಬಾಸ್ಕಿಂಗ್ ರಿಡ್ಜ್ ಕಡೆಯ ಒಂದು ಲ್ಯಾಬೊರೇಟರಿಯಿಂದ ಇಂಟರ್‌ವ್ಯೂಗೆ ಕರೆ ಬಂತು. ಅಲ್ಲಿನ ಮುಖ್ಯಸ್ಥರು ನರೆತ ಗಡ್ಡದವರು. ಕೇಳಬೇಕಾದ್ದೆಲ್ಲ ಕೇಳಿ ಮುಗಿಸಿ, "ಇಲ್ಲಿ ಹೊಸದಾಗಿ ಕಲಿಯುವುದು ಬಹಳ ಇದೆ. ಕಲಿಯುವಾಗ ನೀವು ಯಾವುದರ ಹಾಗೆ?" ಎಂದರು.

"ಫಸ್ಟ್ ರ‍್ಯಾಂಕ್, ಸರ್," ಎಂದೆ.

ಅವರು ನಕ್ಕರು. "ಅದು ಫಲಿತಾಂಶ. ನಾನು ಕೇಳಿದ್ದು ಹೋಲಿಕೆ. ನಾನಂತೂ ನಾಯಿಯ ಹಾಗೆ, ಎಲ್ಲವನ್ನೂ ಮೂಸಿ ನೋಡಿಯೇ ಕಲಿಯುವವನು."

ನನಗೆ ಏನೂ ಹೊಳೆಯಲಿಲ್ಲ. ಆದರೂ ಕೆಲಸ ಕೊಡಲು ಒಪ್ಪಿದರು. ಅಲ್ಲಿಗೆ ಬಸ್ಸಿಲ್ಲ, ಜೂನ್ ತಿಂಗಳೊಳಗೆ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಮಾತ್ರ ಎಂದರು.

ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಪಾತ್ರೆ ತೊಳೆಯುವಾಗ ನಾನು ನೀರಿನಿಂದ ಹಾಲನ್ನು ಬೇರೆ ಮಾಡುವ ಹಂಸ ಎಂದುಕೊಂಡೆ. ಬಟ್ಟೆ ಮಡಿಸುವಾಗ ಹೂವಿನಿಂದ ಹೂವಿಗೆ ಹಾರುವ ಜೇನುಹುಳ ಎಂದುಕೊಂಡೆ. ಆಮೇಲೆ ನೋಡಿದರೆ ಎರಡೂ ಶಾಲೆಯ ಪಾಠದಲ್ಲಿ ಬಂದವೇ! ನಾನು ಹೇಗೆ ಕಲಿಯುತ್ತೇನೆಂದು ಹೇಳುವುದಕ್ಕೂ ನನ್ನ ಹತ್ತಿರ ಇದ್ದದ್ದು ಕಲಿತ ಮಾತು.

ನಮ್ಮ ತಾತ ಘನಪಾಠಿಗಳು. ವೇದದ ಪದಗಳನ್ನು ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಹೆಣೆದು ಹೇಳುವ ಕಷ್ಟದ ವಿದ್ಯೆ ಅದು. ಪುಸ್ತಕ ಸುಟ್ಟುಹೋದರೂ, ಊರು ಕೊಚ್ಚಿಹೋದರೂ ಒಂದು ಅಕ್ಷರ ಆಚೀಚೆಯಾಗಬಾರದೆಂದು ಹಿರಿಯರು ಮಾಡಿಕೊಂಡ ಏರ್ಪಾಡು. ಅವರ ಮೊಮ್ಮಗಳಿಗೆ ಹಿಂದಕ್ಕೆ ಬರುವುದು ಸಲೀಸಾಗಬೇಕಿತ್ತು. ಆದರೆ ಮೊದಲ ಟೆಸ್ಟಿನಲ್ಲಿ ಕಾರನ್ನು ರಿವರ್ಸ್ ತೆಗೆಯಲು ಹೋಗಿ ಯಾರದೋ ಹುಲ್ಲಿನ ಮೇಲೆ ಹತ್ತಿಸಿದೆ. ಎರಡನೆಯದರಲ್ಲಿ ನಿಲ್ಲಿಸಬೇಕಾದಲ್ಲಿ ನಿಲ್ಲಿಸಲಿಲ್ಲ.

ನನ್ನ ಯಜಮಾನರು ಎಂಜಿನಿಯರು, ಉಪಾಯಗಾರರು. "ಟೆಸ್ಟ್ ಯಾವಾಗ್ಲೂ ಒಂದೇ ರೂಟ್‌ನಲ್ಲಿ ಕಣೇ. ಆ ರೂಟ್ ಚೆನ್ನಾಗಿ ಪ್ರ್ಯಾಕ್ಟೀಸ್ ಮಾಡಿದ್ರೆ ಆಯ್ತು," ಎಂದರು. ನನಗೆ ಹೋದ ಜೀವ ಬಂದಂತಾಯಿತು. ಪ್ರತಿ ಭಾನುವಾರ ಅದೇ ಬೀದಿಗಳಲ್ಲಿ ಸುತ್ತಿದೆವು. ಚರ್ಚು ಕಂಡರೆ ಎಡಕ್ಕೆ, ನೀಲಿ ಅಂಚೆ ಡಬ್ಬಿ ದಾಟಿದರೆ ಬಲಕ್ಕೆ, ಬೇಕರಿಯ ಹತ್ತಿರ ನಿಧಾನ. ಒಗ್ಗರಣೆ ಹಾಕುತ್ತಾ ಗುನುಗುವಷ್ಟು ಬಾಯಿಗೆ ಬಂತು. ವಾರದ ದಿನಗಳಲ್ಲಿ ಪಕ್ಕದ ಮನೆಯ ಧಾರವಾಡದ ಶಾಂತಕ್ಕ ಜೊತೆಗೆ ಕೂರುತ್ತಿದ್ದರು. "ಏನವಾ, ಗಾಡಿನೂ ಬಾಯಿಪಾಠ ಮಾಡ್ತೀಯೇನು? ಅಂಚಿ ಡಬ್ಬಿ ಬಿಟ್ಟು ರಸ್ತಾ ನೋಡು," ಎಂದು ಅವರು ಅಂದಾಗಲೆಲ್ಲ ನಾನು ನಕ್ಕು ಮತ್ತೆ ಅಂಚೆ ಡಬ್ಬಿಯನ್ನೇ ಹುಡುಕುತ್ತಿದ್ದೆ.

ಮೂರನೆಯ ಟೆಸ್ಟು. ಶಾಂತಕ್ಕ ಲೈಸೆನ್ಸ್ ಆಫೀಸಿನ ಮುಂದೆ ಇಳಿದುಕೊಂಡರು, ಪರೀಕ್ಷಕರು ಹತ್ತಿದರು. ಚರ್ಚು ಬಂತು, ಎಡಕ್ಕೆ ಹೊರಳಿದೆ. ಎಲ್ಲ ಸುಸೂತ್ರ. ನೀಲಿ ಡಬ್ಬಿ ದಾಟುತ್ತಿದ್ದಂತೆ ಪರೀಕ್ಷಕರು, "ಟರ್ನ್ ಲೆಫ್ಟ್," ಎಂದರು. ಪಾಠ ಒಪ್ಪಿಸುವಾಗ ಮೇಷ್ಟ್ರೇ ಒಂದು ಸಾಲು ಬಿಟ್ಟರೆ ಏನು ಮಾಡಬೇಕೋ ಅದನ್ನೇ ಮಾಡಿದೆ. "ನೋ ಸರ್, ಇಲ್ಲಿ ರೈಟ್," ಎಂದು ವಿನಯದಿಂದ ತಿದ್ದಿ ಬಲಕ್ಕೆ ತಿರುಗಿಸಿದೆ. ಆ ಬೀದಿಯನ್ನು ಪೈಪು ಹಾಕಲು ಅಗೆದಿದ್ದರು. ಮರದ ಅಡ್ಡಗಟ್ಟೆಗೆ ಗೇಣುದ್ದ ಇರುವಾಗ ಅವರು ತಮ್ಮ ಕಡೆಯ ಬ್ರೇಕಿಗಾಗಿ ಕಾಲು ಒತ್ತಿದರು. ನಮ್ಮ ಕಾರಿನಲ್ಲಿ ಅಂಥ ಬ್ರೇಕು ಇರಲಿಲ್ಲ. ಹೇಗೋ ನಾನೇ ನಿಲ್ಲಿಸಿದೆ. ಅವರು ದಾರಿ ಹೇಳಿ ಕಾರನ್ನು ಆಫೀಸಿಗೆ ವಾಪಸ್ ತರಿಸಿ, ಫಾರಂ ಮೇಲೆ 'ಫೇಲ್' ಎಂದು ಬರೆದರು.

ಅವರು ಇಳಿದು ಹೋದ ಮೇಲೆ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತೆ. ನಾಚಿಕೆಗಲ್ಲ, ಹೆದರಿಕೆಯಾಗಿತ್ತು. ಎದುರಿಗೆ ಹಳ್ಳ ತೋಡಿದ್ದರೂ ನನ್ನ ಕಣ್ಣಿಗೆ ಕಂಡದ್ದು ಪಾಠ. ಹಾಗಾದರೆ ನನ್ನ ರಸಾಯನಶಾಸ್ತ್ರವೂ ಇಷ್ಟೇ ಏನು? ಇಷ್ಟು ವರ್ಷ ಓದಿದ ನಾನು ಒಂದನ್ನಾದರೂ ಕಲಿತಿದ್ದೆನೇ?

ಶಾಂತಕ್ಕ ಪಕ್ಕದಲ್ಲಿ ಬಂದು ಕೂತರು. "ಅಳೂದು ಆಮ್ಯಾಲ. ಮನಿಗೆ ನಡಿ, ನೀನ ಓಡಸು."

"ಬಂದ ದಾರಿ ಒನ್‌ವೇ, ಮನೆಗೆ ಹೋಗೋ ಬೀದಿ ಅಗೆದು ಮುಚ್ಚಿದಾರೆ ಶಾಂತಕ್ಕ. ಬೇರೆ ದಾರಿ ನನಗೆ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ನಡಿ."

ಹೇಗೆ ಹೋದೆನೋ. ಹಿಂದಿನವರು ಹಾರ್ನ್ ಹೊಡೆದರು, ಒಬ್ಬ ಕೈಯೆತ್ತಿ ಬೈದ, ಶಾಂತಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಕೂತಿದ್ದರು. ಅಂತೂ ಮನೆ ಬಂತು. ಲ್ಯಾಬೊರೇಟರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಮುಖ್ಯಸ್ಥರು ಮರುಗಿದರು, ಆದರೆ ಜೂನ್ ಬಂದೇಬಿಟ್ಟಿತಲ್ಲ, ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ ಎಂದರು. ಕಿಟಕಿಯಾಚೆ ಅದೇ ಪಾರ್ಕಿಂಗ್ ಲಾಟ್ ಇತ್ತು.

ಸಂಜೆ ಅನ್ನಕ್ಕಿಡಲು ಅಕ್ಕಿ ಡಬ್ಬಿಯಿಂದ ಪಾವು ತೆಗೆದೆ. ಅಮ್ಮ ಹಳೆ ಸೀರೆಯಲ್ಲಿ ಸುತ್ತಿ ಕಳಿಸಿದ್ದ ಹಿತ್ತಾಳೆಯ ಪಾವು. ಅದನ್ನು ತುಂಬಿ, ಅಂಗೈಯಿಂದ ಮಟ್ಟ ಮಾಡಿ, ಪಾತ್ರೆಗೆ ಸುರಿದೆ. ಅಷ್ಟು ದಿನ ಹುಡುಕಿದ ಹೋಲಿಕೆ ಕೈಯಲ್ಲೇ ಇತ್ತು. ಒಳಗೆ ಹೋದ ಅಕ್ಕಿ ಹೋದ ಹಾಗೆಯೇ ಹೊರಗೆ ಬರುತ್ತದೆ, ಒಂದು ಕಾಳೂ ಕಡಿಮೆಯಾಗುವುದಿಲ್ಲ. ಅದಕ್ಕೇ ಎಲ್ಲರೂ ಪಾವನ್ನು ನಂಬುತ್ತಾರೆ. ಆದರೆ ಪಾವಿನಲ್ಲಿ ಯಾವತ್ತೂ ಅಕ್ಕಿ ಬೇಯುವುದಿಲ್ಲ. ಫೋನ್ ಮಾಡಿ ಹೇಳೋಣವೆಂದರೆ ಆ ಉತ್ತರ ಈಗ ಯಾರಿಗೆ ಬೇಕಾಗಿತ್ತು?

ಯಜಮಾನರು ಬಂದು ಎಲ್ಲ ಕೇಳಿ ಪೆಚ್ಚಾದರು. ಶೂ ಕಳಚುತ್ತಾ, "ಅಲ್ಲಾ, ಆ ರೋಡ್ ಕ್ಲೋಸ್ ಆಗಿದ್ರೆ ವಾಪಸ್ ಯಾವ ಕಡೆಯಿಂದ ಬಂದೆ?" ಎಂದರು.

ಹೇಳಲು ಬಾಯಿ ತೆರೆದೆ. ಒಂದು ತಿರುವೂ ನೆನಪಾಗಲಿಲ್ಲ, ಒಂದು ಬೀದಿಯೂ ನೆನಪಾಗಲಿಲ್ಲ. ಬಂದದ್ದಂತೂ ನಾನೇ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. "ಗೊತ್ತಿಲ್ಲ ಕಣ್ರೀ," ಎಂದೆ. ಹುಟ್ಟಿದಾಗಿನಿಂದ ನಾನು ಕೊಟ್ಟ ಉತ್ತರಗಳಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ್ದು ಅದೊಂದೇ.