ದರ್ಜಿ ಈಜು ಕಲಿತದ್ದು

ಹಳೇ ಬಟ್ಟೆ ಸರಿಪಡಿಸುವ ಅಂಗಡಿ ನಡೆಸುತ್ತಿದ್ದ ಆ ದರ್ಜಿ ಹೆಂಗಸನ್ನು ಮನೆಯವರೆಲ್ಲ ‘ಅರೆಬರೆ’ ಎಂದು ಕರೆಯುತ್ತಿದ್ದರು. ಹೆಸರಿಟ್ಟವಳು ನಾದಿನಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೊಸದೇನಾದರೂ ಕಣ್ಣಿಗೆ ಬಿದ್ದರೆ ಸಾಕು, ದರ್ಜಿಗೆ ಅದನ್ನು ಕಲಿಯುವ ಹುಚ್ಚು ಹಿಡಿಯುತ್ತಿತ್ತು. ಕೊಳಲಿನ ಕ್ಲಾಸಿನಲ್ಲಿ ಪುಟ್ಟ ಮಕ್ಕಳ ಸಾಲಿನಲ್ಲಿ ಕೂತಳು. ಗೊತ್ತಿಲ್ಲದ್ದನ್ನು ಯಾರನ್ನು ಬೇಕಾದರೂ ಕೇಳುತ್ತಿದ್ದಳು, ನಾಚಿಕೆ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಟೈಪಿಂಗ್, ಚಿತ್ರಕಲೆ, ಕಾರು ಓಡಿಸುವುದು, ಎಲ್ಲದರಲ್ಲೂ ಮೊದಮೊದಲು ಅವಳೇ ಚುರುಕು. ಆಮೇಲೆ ಪಾಠ ಬಿಗಿಯಾಗುತ್ತಿತ್ತು, ಅವಳು ಮೆಲ್ಲಗೆ ಜಾರಿಕೊಳ್ಳುತ್ತಿದ್ದಳು.

ಮಂಡಿನೋವಿಗೆ ಈಜು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದೇ ತಡ, ಬಡಾವಣೆಯ ಈಜುಕೊಳಕ್ಕೆ ಸೇರಿದಳು. ಸೊಂಟದ ಮಟ್ಟದ ನೀರಿನಲ್ಲಿ ಬಾತುಕೋಳಿಯಂತೆ ಓಡಾಡಿದಳು. ಒಂದು ಬೆಳಿಗ್ಗೆ ಈಜು ಕಲಿಸುವ ಹೆಂಗಸು ಅವಳನ್ನು ಆಳದ ಕಡೆ ಕರೆದೊಯ್ದಳು. ಕಾಲು ಚಾಚಿದರೆ ನೆಲವಿಲ್ಲ. ಮೂಗು ಬಾಯಿಗೆಲ್ಲ ನೀರು ನುಗ್ಗಿತು. ಕಲಿಸುವವಳ ಕುತ್ತಿಗೆಗೆ ಜೋತುಬಿದ್ದು ದಡ ಸೇರಿದವಳು ವಾರವಾದರೂ ಆ ಕಡೆ ತಲೆ ಹಾಕಲಿಲ್ಲ.

“ಆ ನೀರಿಗೆ ಔಷಧಿ ಜಾಸ್ತಿ ಹಾಕ್ತಾರೆ ಕಣೆ, ಕಣ್ಣು ಉರಿಯುತ್ತೆ,” ಎಂದಳು ಮಗಳಿಗೆ.

ಮಗಳು ತಟ್ಟೆ ಒರೆಸುತ್ತಲೇ ಕೇಳಿದಳು: “ಕೊಳಲು ಬಿಟ್ಟಾಗ ತುಟಿ ಒಡೀತು ಅಂದಿದ್ದೆ. ಕಾರು ಬಿಟ್ಟಾಗ ಕಲಿಸೋರಿಗೆ ಮೂಗಿನ ತುದೀಲಿ ಕೋಪ ಅಂದೆ. ನಿಜ ಏನಮ್ಮಾ?”

ದರ್ಜಿ ಬೀಗದ ಕೈ ಎತ್ತಿಕೊಂಡು ಅಂಗಡಿಗೆ ಹೋದಳು.

ಅಂದು ಕೈಗೆ ಬಂದದ್ದು ಯಾರದೋ ಉಣ್ಣೆಯ ಕೋಟು. ತೋಳು ಕೂರಿಸಿದಳು, ಸೊಟ್ಟಗಾಯಿತು. ಬಿಚ್ಚಿದಳು. ಮತ್ತೆ ಕೂರಿಸಿದಳು, ಭುಜದ ಹತ್ತಿರ ಸುಕ್ಕು. ಮತ್ತೆ ಬಿಚ್ಚುವಾಗ, ದಾರದ ತುಂಡು ಹಲ್ಲಿನಲ್ಲಿರುವಂತೆಯೇ ಕೈ ನಿಂತಿತು. ಹೊಲಿಗೆ ಬಿಚ್ಚುವುದಕ್ಕೆ ಅವಳು ಯಾವತ್ತೂ ಬೇಸರಪಟ್ಟವಳಲ್ಲ. ಅದೂ ಕೆಲಸದ ಭಾಗವೇ ಎಂದು ಅಮ್ಮ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ಬೇರೆ ಕಡೆ ಮಾತ್ರ ಒಂದು ಸಲ ಎಡವಿದರೆ ಸಾಕು, ಇದು ತನ್ನ ಕೈಲಾಗದು ಎಂದು ಎದ್ದುಬರುತ್ತಿದ್ದಳು. ಕೇಳುವುದಕ್ಕೆ ನಾಚದವಳು ತಪ್ಪು ಮಾಡುವುದಕ್ಕೆ ನಾಚುತ್ತಿದ್ದಳು.

ಮರುದಿನ ಕೊಳದ ಬಾಗಿಲಲ್ಲೇ ಕಲಿಸುವವಳು ಸಿಕ್ಕಳು. “ಹುಷಾರಿರಲಿಲ್ವಾ?”

“ಹುಷಾರಾಗೇ ಇದ್ದೆ. ಭಯ ಆಯ್ತು, ಅದಕ್ಕೇ ಬರಲಿಲ್ಲ.”

“ನಾನೂ ಆತುರಪಟ್ಟೆ ಬಿಡಿ. ನೀವು ಚುರುಕಾಗಿದ್ರಲ್ಲ, ಎಲ್ಲಾ ಬಂತು ಅಂದ್ಕೊಂಡೆ. ಬನ್ನಿ, ಉಸಿರಾಡೋದ್ರಿಂದ ಶುರು ಮಾಡೋಣ.”

ಗೋಡೆ ಹಿಡಿದು ಮುಖ ಮುಳುಗಿಸುವ ಅದೇ ಪಾಠ ಮತ್ತೆ. ಹೊಸತನದ ಗಮ್ಮತ್ತು ಒಂದಿಷ್ಟೂ ಇಲ್ಲ. ಎಷ್ಟೋ ಬೆಳಿಗ್ಗೆ ಹಾಸಿಗೆಯಲ್ಲೇ ನೆಪ ಹುಡುಕುತ್ತಿದ್ದಳು. ಸಿಕ್ಕಿದ ನೆಪವನ್ನು ಮಗಳಿಗೆ ಜೋರಾಗಿ ಹೇಳಿ, ಇಬ್ಬರೂ ನಕ್ಕ ಮೇಲೆ ಚೀಲ ಎತ್ತಿಕೊಂಡು ಹೊರಡುತ್ತಿದ್ದಳು.

ಚಳಿ ಕಳೆದು ಬಿಸಿಲೇರುವ ಹೊತ್ತಿಗೆ ಒಬ್ಬಳೇ ಆಳ ದಾಟಿದಳು. ನಡುವೆ ಲಯ ತಪ್ಪಿತು, ನೀರು ಕುಡಿದಳು, ಕೈ ಮಾತ್ರ ನಿಲ್ಲಿಸಲಿಲ್ಲ. ಆಚೆ ಬದಿಯ ಕಂಬಿ ಬೆರಳಿಗೆ ತಗುಲಿದಾಗ ಎಷ್ಟೋ ವರ್ಷದಿಂದ ಹೊತ್ತಿದ್ದ ಭಾರ ಕೆಳಗಿಟ್ಟಂತಾಯಿತು. ಕಂಬಿಗೆ ಕೆನ್ನೆಯಾನಿಸಿ, ಏದುಸಿರು ಬಿಡುತ್ತಲೇ ನಕ್ಕಳು.

ಊಟಕ್ಕೆ ಕೂತಾಗ ಮಗಳು ಕೇಳಿದಳು: “ಇನ್ನು ಯಾವ ಕ್ಲಾಸಮ್ಮಾ?”

“ಇದೇ ಕ್ಲಾಸು. ಬೆನ್ನ ಮೇಲೆ ಮಲಗಿದ್ರೆ ಇನ್ನೂ ಕಲ್ಲಿನ ಹಾಗೆ ಮುಳುಗ್ತೀನಿ,” ಎಂದು ದರ್ಜಿ ತಟ್ಟೆಗೆ ಇನ್ನಷ್ಟು ಬಡಿಸಿಕೊಂಡಳು.