ಕಾರ್ಟಿಸಾಲ್‌ಗೆ ಒಣಮೆಣಸಿನಕಾಯಿ

ಮನೆಯಲ್ಲಿ ಯಾರಾದರೂ ಸಿಟ್ಟಾದರೆ ನಾನು ಮೊದಲೆಲ್ಲ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಈಗ ಕಾರಣ ವಿವರಿಸುತ್ತೇನೆ. ಕಾರ್ಟಿಸಾಲ್ ಎಂಬ ಹೆಸರು ಕಲಿತಂದಿನಿಂದ ಅಂಟಿಕೊಂಡ ಚಟವಿದು. ಮೊನ್ನೆ ಹಾಲು ಉಕ್ಕಿತೆಂದು ಹೆಂಡತಿ ಗೀತಾ ರೇಗಿದಾಗ, “ನಿನ್ನ ಕಾರ್ಟಿಸಾಲ್ ಏರೇತಿ ನೋಡು” ಎಂದೆ. “ಅದು ಏರಲಿ ಬಿಡ್ರಿ, ಮೊದಲ ಗ್ಯಾಸ್ ಆರಸ್ರಿ” ಎಂದಳು.

ನಮ್ಮೂರಿನ ಕಾರ್ಖಾನೆಗಳ ಪ್ರದೇಶವಾದ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಎರಕದ ಬಿಡಿಭಾಗಗಳನ್ನು ತಪಾಸಣೆ ಮಾಡುವ ಕೆಲಸ ನನ್ನದು. ಯಾವುದನ್ನೇ ಕಂಡರೂ ಅಳೆಯಬೇಕೆನ್ನಿಸುವ ರೋಗ ಅಲ್ಲಿಂದಲೇ ಬಂದದ್ದು. ಮಗಳು ಸಹನಾ ಎಂಟನೆಯ ತರಗತಿಯಲ್ಲಿದ್ದಾಳೆ. ಅವಳ ಶಾಲೆಯ ಪಾಲಕರ ಸಭೆಗೆ ಬಂದಿದ್ದ ಮಕ್ಕಳ ಡಾಕ್ಟರರು, ಮನುಷ್ಯ ಹೆದರಿದಾಗ ಮೈಯಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನೊಂದಿದೆ ಎಂದಾಗ ನನ್ನ ಕಿವಿ ನೆಟ್ಟಗಾದವು. ಕಣಕುಂಬಿಯ ಕಾಡಿನಲ್ಲಿ ಕರಡಿ ಎದುರಾದರೆ ಓಡುವ ಕಾಲಿಗೆ ಬಲ ಬರಲೆಂದು ನಿಸರ್ಗ ಮಾಡಿಕೊಟ್ಟ ಏರ್ಪಾಡಂತೆ. ಆದರೆ ಹನ್ನೆರಡು, ಹದಿಮೂರರ ವಯಸ್ಸಿಗೆ ಕರಡಿಯೇ ಬರಬೇಕಾಗಿಲ್ಲ. ಇಬ್ಬರು ಗೆಳತಿಯರು ಕಿವಿಯಲ್ಲಿ ಏನೋ ಹೇಳಿಕೊಂಡು ಕಿಸಕ್ಕೆಂದರೆ ಸಾಕು. ಚಿಕ್ಕ ಮಕ್ಕಳಾದರೆ ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಹೆದರಿಕೆ ಇಳಿಯುತ್ತದೆ, ಈ ವಯಸ್ಸಿನಲ್ಲಿ ಆ ಕೆಲಸ ಮೆಲ್ಲಗೆ ಗೆಳೆಯರ ಕೈಗೆ ಹೋಗುತ್ತದೆ ಎಂದೂ ಅವರು ಹೇಳಿದರು. ಈ ಕೊನೆಯ ಮಾತಿನ ಮೊದಲರ್ಧ ನನಗೆ ಬಹಳ ಹಿಡಿಸಿತು. ಉಳಿದರ್ಧವನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ನನಗೆ ಈ ವಿದ್ಯೆಯ ಅಗತ್ಯ ಬಿದ್ದದ್ದಕ್ಕೆ ಕಾರಣವಿತ್ತು. ಶಾಲೆಯ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಸಹನಾ ಭಾಷಣ ಮಾಡುತ್ತ ನಡುವೆ ಮರೆತು ನಿಂತಳು. ವೇದಿಕೆಯ ಬದಿಯಲ್ಲಿದ್ದ ಅವಳ ಜೀವದ ಗೆಳತಿ ತೃಪ್ತಿ ಆ ಹೊತ್ತಿಗೆ ಸರಿಯಾಗಿ ನಕ್ಕುಬಿಟ್ಟಳು. ಇವಳು ಅಳುತ್ತ ಇಳಿದು ಬಂದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಬೆಂಚೂ ಬೇರೆ. ಮೊದಲು ನಮ್ಮ ಶಿವಬಸವ ನಗರದ ಮನೆಯ ಗೇಟು ತೆಗೆಯುವಾಗಲೇ ಶಾಲೆಯ ಸುದ್ದಿ ಶುರು ಮಾಡಿ, ಅಡುಗೆಮನೆ ಮುಟ್ಟುವವರೆಗೂ ನಿಲ್ಲಿಸದ ಹುಡುಗಿ ಈಗ ಏನು ಕೇಳಿದರೂ “ಹೂಂ” ಎನ್ನುತ್ತಿದ್ದಳು. ಆ ವಟವಟ ಇಲ್ಲದೆ ನನಗೆ ಊಟವೇ ರುಚಿಸುತ್ತಿರಲಿಲ್ಲ.

ಅಷ್ಟರಲ್ಲಿ ಖಾನಾಪುರದಲ್ಲಿ ಒಂದು ಭಾಷಣ ಸ್ಪರ್ಧೆ ಬಂತು. ಟೀಚರು ಸಹನಾ, ತೃಪ್ತಿ ಇಬ್ಬರ ಹೆಸರನ್ನೂ ಕೊಟ್ಟುಬಿಟ್ಟರು. “ನಾ ಮತ್ತ ಮರೀತೇನಿ, ಎಲ್ಲಾರೂ ನಗತಾರ, ನಾ ಹೋಗಂಗಿಲ್ಲ” ಎಂದು ಇವಳು ಹಟ ಹಿಡಿದಳು. ನನಗೆ ಡಾಕ್ಟರರ ಮೊದಲರ್ಧ ನೆನಪಾಯಿತು. ತನ್ನವರು ಪಕ್ಕದಲ್ಲಿದ್ದರೆ ಹೆದರಿಕೆ ಇಳಿಯುತ್ತದೆ. ಖಾನಾಪುರವೆಂದರೆ ಗೀತಾಳ ತವರು, ತನ್ನವರಿಗೆ ಅಲ್ಲೇನು ಬರ? ಅತ್ತೆಗೆ ಒಂದು ಫೋನ್ ಮಾಡಿದೆ.

ಖಾನಾಪುರದವರಿಗೆ ಇಂಥ ಫೋನ್ ಮಾಡಬಾರದು. ಮೊಮ್ಮಗಳು ಸ್ಟೇಜು ಹತ್ತುತ್ತಾಳೆಂದರೆ ಅದು ಒಂದು ಮನೆಯ ವಿಷಯವಾಗಿ ಉಳಿಯುವುದಿಲ್ಲ. ಸಹನಾಳನ್ನು ಹೇಗೋ ಒಪ್ಪಿಸಿ ನಾವು ಹೋಗಿ ಇಳಿಯುವಷ್ಟರಲ್ಲಿ ಸ್ಪರ್ಧೆ ನಡೆಯುವ ಶಾಲೆಯ ಗೇಟಿನ ಮುಂದೆ ಅತ್ತೆ, ಗೀತಾಳ ಅಕ್ಕತಂಗಿಯರಾದ ಸಹನಾಳ ಮಾವಶಿಯರು, ಕನ್ನಡದಲ್ಲಿ ಶುರುವಾದ ಮಾತನ್ನು ಮರಾಠಿಯಲ್ಲಿ ಮುಗಿಸುವ ಪಕ್ಕದ ಮನೆಯ ಕಾಕು, ಜೊತೆಗೆ ಡಬ್ಬಿಗಟ್ಟಲೆ ಉಂಡಿ. ಮೊಮ್ಮಗಳ ಗದ್ದ ಹಿಡಿದು ಅತ್ತೆ, “ಅಳ್ಯಾರ, ಪೋರಿ ಮಾರಿ ಎಷ್ಟ ಸೊರಗೇತಿ! ಖರೇ ಹೇಳ್ತೇನಿ, ದೃಷ್ಟಿ ಆಗೇತಿ” ಎಂದವರೇ ಸೆರಗಿನ ಗಂಟು ಬಿಚ್ಚಿ ಉಪ್ಪು, ಒಣಮೆಣಸಿನಕಾಯಿ ತೆಗೆದರು.

ಹತ್ತೂರಿನ ಮಕ್ಕಳು ನೋಡುತ್ತಿರುವಾಗ, ಸಮವಸ್ತ್ರದಲ್ಲಿ ನೆಟ್ಟಗೆ ನಿಂತು ದೃಷ್ಟಿ ತೆಗೆಸಿಕೊಳ್ಳುವುದನ್ನು ಯಾವ ಕರಡಿಗೆ ಹೋಲಿಸಲಿ? ಸಹನಾಳ ಮುಖ ಮೆಣಸಿನಕಾಯಿಗಿಂತ ಕೆಂಪಾಗಿತ್ತು. ನೀವಾಳಿಸಿದ್ದನ್ನು ಒಲೆಗೆ ಹಾಕಬೇಕು. ಅಲ್ಲಿ ಬೇರೆ ಒಲೆ ಕಾಣದೆ ಅತ್ತೆ ಬಾಜೂಕಿನ ಚಹಾ ಅಂಗಡಿಯ ಇದ್ದಿಲು ಒಲೆಗೇ ಅದನ್ನು ಸುರಿದರು. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲ, ಬಂದರೆ ತಾಗಿಲ್ಲ ಎಂಬುದು ಇದರ ಲೆಕ್ಕ. ಘಾಟೆಂದರೆ ಎಂಥ ಘಾಟು! ಟೀಚರು ಕೆಮ್ಮಿದರು, ಕಾರಿನಿಂದ ಇಳಿಯುತ್ತಿದ್ದ ತೀರ್ಪುಗಾರರು ಮತ್ತೆ ಕಾರಿನೊಳಗೇ ಕೂತು ಗಾಜು ಏರಿಸಿದರು, ಅಂಗಡಿಯವನು ಚಹಾ ಬಿಟ್ಟು ಓಡಿದ. ಅತ್ತೆ ಕಣ್ಣೊರೆಸಿಕೊಳ್ಳುತ್ತ, “ದೃಷ್ಟಿ ಏನೂ ಇದ್ದಿಲ್ಲ ಬಿಡ್ರಿ” ಎಂದರು. ದನಿಯಲ್ಲಿ ನಿರಾಶೆಯಿತ್ತು.

ಆ ಹೊಗೆಯೊಳಗಿಂದ ಕೆಮ್ಮುತ್ತ ತೃಪ್ತಿ ಬಂದು ಅತ್ತೆಯ ಮುಂದೆ ನಿಂತಳು. “ಆಯಿ, ನನಗೂ ತಗೀರಿ. ನನಗೂ ಭಾಳ ಅಂಜಿಕಿ ಆಗೇತಿ.”

ಎಷ್ಟೋ ದಿನಗಳ ಮೇಲೆ ಸಹನಾ ಅವಳನ್ನು ನೋಡಿದಳು. “ನಿನಗೂ ಅಂಜಿಕಿ ಆಗತೇತೇನ?”

“ಅವತ್ತ ಗ್ಯಾದರಿಂಗಿನ್ಯಾಗೂ ಆಗಿತ್ತು. ನಿನ್ನ ಹಿಂದ ನಂದ ಪಾಳಿ ಇತ್ತಲಾ? ನೀ ಮರತಿ ಅಂದ್ರ ನಾನೂ ಮರೀತೇನಿ ಅಂತ ಕೈಕಾಲು ನಡಗಾಕ ಹತ್ತಿದ್ವು. ಅಂಜಿದಾಗ ನನಗ ಹಂಗ ನಗಿ ಬರತೇತಿ.”

ಹೆದರಿಕೆ ಕೆಲವರಲ್ಲಿ ಅಳುವಾಗಿ, ಕೆಲವರಲ್ಲಿ ನಗುವಾಗಿ ಹೊರಬೀಳುತ್ತದೆಂಬುದು ಆ ಹುಡುಗಿಯರಿಗಿಂತ ಮೊದಲು ನನಗೆ ಹೊಳೆಯಬೇಕಿತ್ತು. ನಾನು ಕಾರ್ಟಿಸಾಲ್ ಬಲ್ಲವನಲ್ಲವೇ? ಸಹನಾ ನನ್ನ ಕಡೆ ತಿರುಗಿ, “ಪಪ್ಪಾ, ನೀ ಒಳಗ ಬರಬ್ಯಾಡ. ಇವರನ್ನೆಲ್ಲಾ ಕರಕೊಂಡ ಹೋಗು” ಎಂದು ಹೇಳಿ, ತೃಪ್ತಿಯ ಕೈ ಹಿಡಿದು ಒಳಗೆ ಹೋದಳು.

ಅತ್ತೆಯ ಬಳಗವನ್ನು ಮರದ ನೆರಳಿಗೆ ಕೂಡಿಸಿ, ನಾನೊಬ್ಬನೇ ಸಭಾಭವನದ ಕಿಟಕಿಯ ಕೆಳಗೆ ಹೋಗಿ ನಿಂತೆ. ಒಳಗೆ ಸಹನಾಳ ದನಿ ಚೆನ್ನಾಗಿಯೇ ಹೊರಟಿತು. ಹೋಗುತ್ತ ಹೋಗುತ್ತ ಒಮ್ಮೆಲೇ ನಿಂತಿತು. ಮುಂದಿನ ವಾಕ್ಯ ನನಗೆ ಬಾಯಿಪಾಠವಿತ್ತು. ಕೂಗಿ ಹೇಳಿಬಿಡಲೇ ಎಂದು ಕಿಟಕಿಯ ಸರಳು ಹಿಡಿದೆ. ಆಗ ಮುಂದಿನ ಸಾಲಿನಿಂದ ಯಾರೋ ಮೆಣಸಿನಕಾಯಿಯ ಘಾಟು ಹತ್ತಿದವರಂತೆ ಬೇಕೆಂದೇ ಜೋರಾಗಿ ಕೆಮ್ಮಿದರು. ತೃಪ್ತಿಯೇ ಇರಬೇಕು. ವೇದಿಕೆಯ ಮೇಲೆ ಸಹನಾ ಪಕ್ಕೆಂದು ನಕ್ಕಳು, ಸಭೆಯೂ ನಕ್ಕಿತು. ಆ ನಗುವಿನ ಮೇಲೆಯೇ ಅವಳು ಮರೆತದ್ದನ್ನು ದಾಟಿ ಕೊನೆಯವರೆಗೂ ಹೇಳಿ ಮುಗಿಸಿದಳು.

ಬಹುಮಾನ ಇಬ್ಬರಿಗೂ ಬರಲಿಲ್ಲ. ಬಾಗಿಲಿನಿಂದ ಸಹನಾ ನನ್ನ ಕಡೆಗೇ ಓಡಿ ಬರುವುದನ್ನು ಕಂಡು ಎರಡೂ ಕೈ ಚಾಚಿದೆ. ಅವಳು ತನ್ನ ಚೀಲವನ್ನು ನನ್ನ ಕಾಲ ಬಳಿ ಎಸೆದು, ಪಕ್ಕದಿಂದಲೇ ಹಾದು, ಮೊದಲೇ ಹೊರಬಂದು ನನ್ನ ಬೆನ್ನ ಹಿಂದೆ ನಿಂತಿದ್ದ ತೃಪ್ತಿಯ ಕೊರಳಿಗೆ ಬಿದ್ದಳು. ತೃಪ್ತಿಯೂ ತನ್ನ ಚೀಲವನ್ನು ಅಲ್ಲೇ ಬಿಟ್ಟಳು, ಇಬ್ಬರೂ ಏಕಕಾಲಕ್ಕೆ ಮಾತಾಡುತ್ತ ಗೇಟಿನ ಕಡೆ ನಡೆದರು. ಆ ವಟವಟ ನನಗೆ ಹೇಳಿದ್ದಾಗಿರಲಿಲ್ಲ, ಆದರೂ ಕಿವಿ ತುಂಬಿತು. ಚಾಚಿದ ಕೈಗಳನ್ನು ಬರಿದೇ ಹಿಂದಕ್ಕೆ ಎಳೆದುಕೊಳ್ಳಲು ನಾಚಿಕೆಯಾಗಿ, ಇಬ್ಬರ ಚೀಲಗಳನ್ನೂ ಎತ್ತಿಕೊಂಡು, ಒಂದಿಷ್ಟು ಅಂತರ ಬಿಟ್ಟು ಅವರ ಹಿಂದೆ ನಡೆದೆ.